ಹವಾಮಾನ ಬದಲಾವಣೆ: ನಮ್ಮ ಊರಿನ ಮಳೆಯಿಂದಲೇ ಕಲಿಯೋಣ

(ಸಂಘದ ವಾರ್ಷಿಕ ಸಭೆಯಲ್ಲಿ ಪೋಷಕರು ಹಾಗೂ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ಕಾರ್ಯದರ್ಶಿಯವರು ಈ ವಿಷಯದ ಮೇಲೆ ಮಾತನಾಡಬೇಕು ಎಂದಾಗ ನಾನು ಮೊದಲು ಹಿಂಜರಿದೆ. ನಾನು ಉರ್ದು ಮತ್ತು ಕನ್ನಡ ಕಲಿಸುವವಳು. ಕೆಲವು ವರ್ಷಗಳ ಹಿಂದೆ ವಿಜ್ಞಾನ ಶಿಕ್ಷಕರ ಜಾಗ ಖಾಲಿ ಬಿದ್ದಾಗ ಆರು ಮತ್ತು ಏಳನೇ ತರಗತಿಯ ವಿಜ್ಞಾನವೂ ನನ್ನ ಪಾಲಿಗೆ ಬಂತು. ಬಿ.ಎಡ್.ನಲ್ಲಿ ಪಾಠಯೋಜನೆ ಬರೆಯುವುದನ್ನು ಚೆನ್ನಾಗಿ ಕಲಿಸಿದ್ದರು. ಆದರೆ ಮೋಡ ಯಾಕೆ ಒಂದೂರಿನಲ್ಲಿ ಸುರಿದು ಇನ್ನೊಂದೂರಿನ ಮೇಲೆ ಸುಮ್ಮನೆ ಹಾದುಹೋಗುತ್ತದೆ ಎಂದು ಅಲ್ಲಿ ನನ್ನನ್ನು ಯಾರೂ ಕೇಳಿರಲಿಲ್ಲ. ಆದುದರಿಂದ ಇವತ್ತು ನಾನು ಹೇಳುವುದು ಪಂಡಿತರ ಮಾತಲ್ಲ, ಮಕ್ಕಳ ಜೊತೆ ಕೂತು ನಾನೂ ಕಲಿತದ್ದು. ನಾನು ಮಾಡಿದ ಒಂದು ತಪ್ಪಿನಿಂದಲೇ ಶುರು ಮಾಡುತ್ತೇನೆ.

2022ರ ಸೆಪ್ಟೆಂಬರ್ ತಿಂಗಳು ನಿಮಗೆಲ್ಲ ನೆನಪಿರಬಹುದು. ವಾಣಿವಿಲಾಸ ಸಾಗರ, ನಾವು ಮಾರಿಕಣಿವೆ ಎನ್ನುವ ಅಣೆಕಟ್ಟು, 89 ವರ್ಷಗಳ ನಂತರ ಕೋಡಿ ಬಿತ್ತು. 1907ರಲ್ಲಿ ಕಟ್ಟಿ ಮುಗಿಸಿದ ಈ ಜಲಾಶಯ ಅದಕ್ಕೆ ಮೊದಲು ಕೋಡಿ ಬಿದ್ದದ್ದು 1933ರಲ್ಲಿ, ಒಂದೇ ಒಂದು ಸಲ. ಜಿಲ್ಲೆಯ ಜನ ಜಾತ್ರೆಗೆ ಹೋದಂತೆ ನೀರು ನೋಡಲು ಹೋದರು. ಆ ವಾರ ನಾನು ತರಗತಿಯಲ್ಲಿ ಬಹಳ ಧೈರ್ಯವಾಗಿ, "ನೋಡಿ ಮಕ್ಕಳೇ, ಇದೇ ಹವಾಮಾನ ಬದಲಾವಣೆ" ಎಂದು ಹೇಳಿಬಿಟ್ಟೆ. ಮರುದಿನ ಏಳನೇ ತರಗತಿಯ ಒಬ್ಬ ಹುಡುಗಿಯನ್ನು ಬಿಡಲು ಅವಳ ದಾದಾ ಶಾಲೆಯ ಗೇಟಿನವರೆಗೆ ಬಂದಿದ್ದರು. ಜೀವಮಾನವೆಲ್ಲ ಶೇಂಗಾ ಬಿತ್ತಿದ ರೈತರು. ನನ್ನನ್ನು ಕರೆದು, "ಬೇಟಿ, 1933ರಲ್ಲಿ ಕೋಡಿ ಬಿದ್ದದ್ದನ್ನು ನಮ್ಮ ಅಬ್ಬಾ ಕಣ್ಣಾರೆ ಕಂಡವರು. ಆಗ ನಮ್ಮ ಊರಲ್ಲಿ ಒಂದು ಮೋಟರೂ ಇರಲಿಲ್ಲ. ಅದು ಯಾವ ಬದಲಾವಣೆಯಿಂದ ಬಿತ್ತು?" ಎಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. "ಓದಿಕೊಂಡು ಹೇಳುತ್ತೇನೆ, ಚಾಚಾ" ಎಂದೆ. ಆಮೇಲೆ ತಿಳಿಯಿತು, 2022ಕ್ಕೆ ಮೊದಲೇ ಭದ್ರಾ ಮೇಲ್ದಂಡೆ ಯೋಜನೆಯ ನೀರೂ ವೇದಾವತಿ ಮೂಲಕ ಆ ಜಲಾಶಯಕ್ಕೆ ಹರಿಯತೊಡಗಿತ್ತು. ಅಂದರೆ ಕೋಡಿ ಬಿದ್ದದ್ದಕ್ಕೆ ಮಳೆಯೊಂದೇ ಕಾರಣವಲ್ಲ. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿದ್ದಾಗ ನಾನು ತರಗತಿಯಲ್ಲಿ ಬಾಯಿ ಬಿಡುವ ಮುಂಚೆ ಎರಡು ಸಲ ಯೋಚಿಸಿದೆ.

ಈ ತಪ್ಪು ನನ್ನೊಬ್ಬಳದೇ ಅಲ್ಲ, ಅದರಲ್ಲಿ ಭಾಷೆಯ ಪಾಲೂ ಇದೆ. ಭಾಷಾ ಶಿಕ್ಷಕಿಯಾದ್ದರಿಂದ ಇದನ್ನು ಸ್ವಲ್ಪ ವಿವರಿಸಲು ಅಪ್ಪಣೆ ಕೊಡಿ. ಇವತ್ತು ಮಳೆ, ನಾಳೆ ಬಿಸಿಲು, ಇದಕ್ಕೆ ಕನ್ನಡ ಪಠ್ಯದಲ್ಲಿ ಹವಾಮಾನ ಎನ್ನುತ್ತಾರೆ. ಒಂದು ಪ್ರದೇಶದ ಇಂಥ ದಿನಗಳನ್ನೆಲ್ಲ ಮೂವತ್ತು ವರ್ಷ ಲೆಕ್ಕವಿಟ್ಟು ತೆಗೆದ ಸರಾಸರಿ ಸ್ವಭಾವಕ್ಕೆ ವಾಯುಗುಣ ಎನ್ನುತ್ತಾರೆ. ಉರ್ದುವಿನಲ್ಲಿ ಮೊದಲನೆಯದು ಮೌಸಮ್, ಎರಡನೆಯದು ಆಬ್-ಓ-ಹವಾ, ಅಂದರೆ ನೀರು ಮತ್ತು ಗಾಳಿ. ಎಷ್ಟು ಚೆಂದದ ಪದ ನೋಡಿ. ಆದರೆ ಪತ್ರಿಕೆ, ಟಿ.ವಿ.ಗಳಲ್ಲಿ ಬರುವುದು ಕನ್ನಡದಲ್ಲಿ "ಹವಾಮಾನ ಬದಲಾವಣೆ", ಉರ್ದುವಿನಲ್ಲಿ "ಮೌಸಮಿಯಾತಿ ತಬ್ದೀಲಿ". ಬದಲಾಗುತ್ತಿರುವುದು ವಾಯುಗುಣ, ಹೆಸರು ಮಾತ್ರ ಹವಾಮಾನದ್ದು. ಹಾಗಾಗಿ ಒಂದು ದಿನ ಜೋರು ಮಳೆ ಬಂದರೂ ಮಕ್ಕಳು "ಟೀಚರ್, ಹವಾಮಾನ ಬದಲಾಯಿತು" ಎನ್ನುತ್ತಾರೆ. ಅವರ ಮಾತಿನಲ್ಲಿ ವ್ಯಾಕರಣದ ತಪ್ಪೇನೂ ಇಲ್ಲ! ನಾನು ಈಗ ತರಗತಿಯಲ್ಲಿ ಹೇಳುವುದು ಹೀಗೆ: ಒಬ್ಬ ಮನುಷ್ಯನಿಗೆ ಇವತ್ತು ಬಂದ ಸಿಟ್ಟು ಹವಾಮಾನ, ಅವನು ಸಿಡುಕನೋ ಸಮಾಧಾನಿಯೋ ಎಂಬುದು ವಾಯುಗುಣ. ಒಂದು ದಿನದ ಸಿಟ್ಟು ನೋಡಿ ಸ್ವಭಾವ ಬದಲಾಯಿತು ಎನ್ನಲಾಗದು.

ಅಂದ ಹಾಗೆ ಮೌಸಮ್ ಎಂಬ ಪದ ಅರಬ್ಬಿಯ ಮೌಸಿಮ್‌ನಿಂದ ಬಂದದ್ದು, ಅರ್ಥ ಋತು. ಅರಬ್ಬಿ ಸಮುದ್ರದಲ್ಲಿ ಗಾಳಿಯ ದಿಕ್ಕು ನೋಡಿಕೊಂಡು ಹಡಗು ಬಿಡುತ್ತಿದ್ದ ನಾವಿಕರ ಮಾತು ಅದು. ಅದೇ ಪೋರ್ಚುಗೀಸರ ಬಾಯಿಗೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಹೋಗಿ, ಮಾನ್ಸೂನ್ ಆಗಿ ನಮ್ಮಲ್ಲಿಗೇ ಹಿಂದಿರುಗಿದೆ. ಹವಾಮಾನ ಎಂಬುದರಲ್ಲೂ "ಹವಾ" ಅರಬ್ಬಿಯದು, "ಮಾನ" ಸಂಸ್ಕೃತದ್ದು. ಮಾನ ಎಂದರೆ ಅಳತೆ. ಗಾಳಿಯ ಅಳತೆ. ಈ ಅಳತೆಯ ವಿಷಯಕ್ಕೆ ಮುಂದೆ ಬರುತ್ತೇನೆ.

ಋತು ಎಂದಾಗ ಇನ್ನೊಂದು ಪ್ರಸಂಗ ಹೇಳಬೇಕು. ಒಬ್ಬ ಹುಡುಗ ಕೇಳಿದ: "ಟೀಚರ್, ರಂಜಾನ್ ಒಮ್ಮೆ ಬೇಸಿಗೆಯಲ್ಲಿ ಬರುತ್ತದೆ, ಒಮ್ಮೆ ಮಳೆಗಾಲದಲ್ಲಿ ಬರುತ್ತದೆ. ಆದರೆ ಆರಿದ್ರಾ ಮಳೆ ಯಾಕೆ ಪ್ರತಿ ವರ್ಷ ಜೂನ್ ಕೊನೆಯಲ್ಲೇ ಶುರುವಾಗುತ್ತದೆ?" ಭೂವಿಜ್ಞಾನದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರವೇಶ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ. ನಮ್ಮ ಹಿಜ್ರಿ ವರ್ಷ ಚಂದ್ರನದು, ಸುಮಾರು 354 ದಿನ. ಭೂಮಿ ಸೂರ್ಯನನ್ನು ಸುತ್ತಲು 365 ದಿನ ಬೇಕು. ಆ ಹನ್ನೊಂದು ದಿನದ ಅಂತರದಿಂದ ರಂಜಾನ್ 2016ರಲ್ಲಿ ಜೂನ್‌ನಲ್ಲಿ ಶುರುವಾಗಿತ್ತು, 2025ರಲ್ಲಿ ಮಾರ್ಚಿಗೆ ಬಂದಿತ್ತು. 2030ರಲ್ಲಿ ಜನವರಿಯಲ್ಲೊಮ್ಮೆ, ಡಿಸೆಂಬರಿನಲ್ಲೊಮ್ಮೆ, ಒಂದೇ ಇಸವಿಯಲ್ಲಿ ಎರಡು ಸಲ ಶುರುವಾಗಲಿದೆ. ಆರಿದ್ರಾ, ಹುಬ್ಬ, ಹಸ್ತ, ಚಿತ್ತ ಎಂಬ ಮಳೆ ನಕ್ಷತ್ರಗಳ ಲೆಕ್ಕವಾದರೋ ಸೂರ್ಯನ ದಾರಿಯದು. ಮಳೆ, ಬಿಸಿಲು, ಚಳಿ ಎಲ್ಲವೂ ಸೂರ್ಯನ ಲೆಕ್ಕಕ್ಕೆ ಬರುವುದರಿಂದ ನಮ್ಮ ಊರಿನಲ್ಲಿ ಈದ್‌ಗೆ ಚಂದ್ರನನ್ನು ನೋಡುವ ರೈತರೂ ಬಿತ್ತನೆಗೆ ಆರಿದ್ರಾ, ಪುನರ್ವಸುವನ್ನೇ ಕಾಯುತ್ತಾರೆ.

ಬೇಸಿಗೆಯಲ್ಲಿ ಭೂಮಿ ಸೂರ್ಯನ ಹತ್ತಿರ ಹೋಗುತ್ತದೆ ಎಂದು ಬಹಳ ಮಕ್ಕಳು, ಕೆಲವು ದೊಡ್ಡವರೂ ನಂಬಿದ್ದಾರೆ. ನಿಜವೆಂದರೆ ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿಯ ಮೊದಲ ವಾರದಲ್ಲಿ, ನಾವು ಸ್ವೆಟರ್ ಹಾಕಿಕೊಂಡಿರುವಾಗ. ಋತುಗಳಿಗೆ ಕಾರಣ ಭೂಮಿಯ ಅಕ್ಷ ಇಪ್ಪತ್ಮೂರೂವರೆ ಡಿಗ್ರಿ ವಾಲಿರುವುದು. ಇದನ್ನು ಗ್ಲೋಬ್ ಇಲ್ಲದೆಯೂ ತೋರಿಸಬಹುದು. ನಮ್ಮ ಭಾಗದಲ್ಲಿ ಸೂರ್ಯ ವರ್ಷಕ್ಕೆ ಎರಡು ದಿನ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ, ಏಪ್ರಿಲ್ ಕೊನೆಯಲ್ಲೊಮ್ಮೆ, ಆಗಸ್ಟ್ ಮಧ್ಯದಲ್ಲೊಮ್ಮೆ. ಆಗಸ್ಟ್‌ನದು ಸ್ವಾತಂತ್ರ್ಯ ದಿನಾಚರಣೆಯ ಆಸುಪಾಸು ಬರುವುದರಿಂದ ಧ್ವಜಸ್ತಂಭ ಸಿದ್ಧವಾಗಿ ನಿಂತಿರುತ್ತದೆ. ಮೋಡ ಇಲ್ಲದಿದ್ದರೆ ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ ಕಂಬದ ನೆರಳು ಬುಡದಲ್ಲೇ ಅಡಗಿಬಿಡುತ್ತದೆ. ಜೊಹರ್ ನಮಾಜಿನ ವಕ್ತ್ ನೆರಳು ವಾಲಿದ ಮೇಲೆ ಎಂಬುದು ಮಕ್ಕಳಿಗೆ ಮನೆಯಿಂದಲೇ ಗೊತ್ತು. ಆ ತಿಳಿವಳಿಕೆಗೆ ಒಂದು ಕಡ್ಡಿ, ಒಂದು ಸೀಮೆಸುಣ್ಣ ಸೇರಿಸಿದರೆ ಸಾಕು.

ಇನ್ನು ನಮ್ಮ ಮಳೆಯ ಮಾತು. ಚಳ್ಳಕೆರೆ, ಮೊಳಕಾಲ್ಮೂರು ರಾಜ್ಯದ ಅತಿ ಕಡಿಮೆ ಮಳೆಯ ತಾಲ್ಲೂಕುಗಳ ಸಾಲಿನಲ್ಲಿವೆ. ಚಳ್ಳಕೆರೆಯಲ್ಲಿ ವರ್ಷಕ್ಕೆ ಸರಾಸರಿ 450ರಿಂದ 500 ಮಿಲಿಮೀಟರ್. ಭೂಪಟದಲ್ಲಿ ನೇರ ಗೆರೆ ಎಳೆದರೆ ಇನ್ನೂರು ಕಿಲೋಮೀಟರ್ ಒಳಗೇ ಇರುವ ಆಗುಂಬೆಯಲ್ಲಿ ಏಳು ಸಾವಿರ ಮಿಲಿಮೀಟರ್ ದಾಟುತ್ತದೆ. ಸಮುದ್ರದಿಂದ ಬಂದ ಒದ್ದೆ ಗಾಳಿ ಪಶ್ಚಿಮ ಘಟ್ಟವನ್ನು ಏರುವಾಗ ತಣ್ಣಗಾಗುತ್ತದೆ. ಪ್ರತಿ ಕಿಲೋಮೀಟರ್ ಎತ್ತರಕ್ಕೆ ಸುಮಾರು ಆರೂವರೆ ಡಿಗ್ರಿ ಉಷ್ಣತೆ ಇಳಿಯುತ್ತದೆ ಎಂದಿಟ್ಟುಕೊಳ್ಳಿ. ತಣ್ಣಗಾದ ಗಾಳಿ ನೀರಾವಿಯನ್ನು ಹಿಡಿದಿಟ್ಟುಕೊಳ್ಳಲಾರದೆ ಅಲ್ಲೇ ಸುರಿಸುತ್ತದೆ. ಘಟ್ಟ ಇಳಿದು ನಮ್ಮ ಕಡೆ ಬರುವಾಗ ಅದೇ ಗಾಳಿ ಬಿಸಿಯಾಗುತ್ತದೆ, ಉಳಿದ ತೇವವನ್ನೂ ಸುಲಭಕ್ಕೆ ಬಿಡುವುದಿಲ್ಲ. ಜುಲೈ ತಿಂಗಳಿನಲ್ಲಿ ನಮ್ಮ ಮೇಲೆ ಮೋಡ ಓಡುತ್ತಲೇ ಇದ್ದರೂ ನೆಲ ಒಣಗಿರುವುದು ಇದರಿಂದ. ಇದಕ್ಕೆ ಮಳೆನೆರಳು ಎಂದು ಹೆಸರು. ನಮ್ಮ ಹೆಚ್ಚಿನ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ.

ಮಕ್ಕಳಿಗೆ ಇದನ್ನು ಬೋರ್ಡಿನ ಮೇಲೆ ಬರೆದು ಹೇಳಿದೆ, ಪರೀಕ್ಷೆಯಲ್ಲಿ ಬರೆದರು, ಮರೆತರು. ನೆನಪಿನಲ್ಲಿ ನಿಂತದ್ದು ಅವರೇ ಅಳೆಯಲು ಶುರು ಮಾಡಿದ ಮೇಲೆ. 2023ರ ಮುಂಗಾರಿಗೆ ಮೊದಲು ನಾವು ಒಂದು ಮಳೆಮಾಪಕ ಮಾಡಿದೆವು. ಖರ್ಚು ಏನೂ ಇಲ್ಲ. ನೇರ ಪಕ್ಕೆಯ ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ ಅದನ್ನೇ ತಲೆಕೆಳಗಾಗಿಸಿ ಆಲಿಕೆಯಂತೆ ಕೂರಿಸಬೇಕು. ತಳದ ಉಬ್ಬುತಗ್ಗಿನ ಭಾಗಕ್ಕೆ ಸಣ್ಣ ಕಲ್ಲು ಹಾಕಿ, ಕಲ್ಲು ಮುಳುಗುವಷ್ಟು ನೀರು ಹುಯ್ದು, ಆ ಮಟ್ಟಕ್ಕೆ ಸೊನ್ನೆ ಗುರುತು ಹಾಕಿ, ಅಲ್ಲಿಂದ ಮೇಲಕ್ಕೆ ಸ್ಕೇಲಿನ ಪಟ್ಟಿ ಅಂಟಿಸಬೇಕು. ಗೋಡೆ, ಮರಗಳಿಂದ ದೂರ, ಬಯಲಿನಲ್ಲಿ ಅಲುಗಾಡದಂತೆ ನಿಲ್ಲಿಸಬೇಕು. ಹವಾಮಾನ ಇಲಾಖೆಯವರು ಅಳತೆ ತೆಗೆಯುವ ಸಮಯವಾದ ಬೆಳಿಗ್ಗೆ ಎಂಟೂವರೆಗೇ ನಾವೂ ನೋಡಿ ಬರೆಯುತ್ತೇವೆ. ಮೊದಲ ಬಾಟಲಿಯನ್ನು ಮೇಕೆಯೊಂದು ಕೆಡವಿತು. ಎರಡನೆಯದಕ್ಕೆ ಇಟ್ಟಿಗೆ ಕಾವಲು ಹಾಕಿದೆವು.

ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಲೀಟರ್ ನೀರು. ಇದು ತಿಳಿದ ದಿನ ಮಕ್ಕಳು ಊರಿನ ಮಾಳಿಗೆಗಳನ್ನೆಲ್ಲ ಲೆಕ್ಕ ಹಾಕತೊಡಗಿದರು. ನೂರು ಚದರ ಮೀಟರ್ ಚಾವಣಿಗೆ ನಮ್ಮ ಊರಿನ ಬಡ ಮಳೆಯಲ್ಲೂ ವರ್ಷಕ್ಕೆ 45,000 ಲೀಟರ್ ಬೀಳುತ್ತದೆ. ಒಂದು ಎಕರೆ ಹೊಲದ ಮೇಲೆ ಹತ್ತು ಮಿಲಿಮೀಟರ್ ಬಿದ್ದರೆ ಸುಮಾರು 40,000 ಲೀಟರ್. "ಟ್ಯಾಂಕರ್ ಎಷ್ಟಾಯಿತು ಟೀಚರ್?" ಎಂದು ಒಬ್ಬಳು ಕೇಳಿದಳು. ಟ್ಯಾಂಕರಿಗೆ ಕಾದು ನಿಂತವರ ಮನೆಯ ಮಗುವಿಗೆ ಮಾತ್ರ ಹೊಳೆಯುವ ಪ್ರಶ್ನೆ ಅದು.

ನಾವು ಅಳೆಯಲು ಶುರು ಮಾಡಿದ ಆ 2023ರ ವರ್ಷವೇ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಹಿಂದಿನ ವರ್ಷ ಕೋಡಿ, ಮರುವರ್ಷ ಬರ. ರಿಜಿಸ್ಟರಿನಲ್ಲಿ ಸಾಲುಸಾಲು ಸೊನ್ನೆ. "ಸೊನ್ನೆ ಬರೆಯುವುದು ಯಾಕೆ, ಬಿಟ್ಟುಬಿಡೋಣ" ಎಂದರು ಮಕ್ಕಳು. ಸೊನ್ನೆಯೂ ಅಳತೆಯೇ, ಖಾಲಿ ಬಿಟ್ಟರೆ ಮಳೆ ಬರಲಿಲ್ಲವೋ ನೀವು ಬರಲಿಲ್ಲವೋ ತಿಳಿಯುವುದಿಲ್ಲ ಎಂದೆ. ಬರದ ಲೆಕ್ಕ ಇಡುವುದರಲ್ಲಿ ಕರ್ನಾಟಕಕ್ಕೆ ಹೆಸರಿದೆ. 1988ರಲ್ಲಿ ದೇಶದಲ್ಲೇ ಮೊದಲು ಬರ ನಿಗಾ ಘಟಕ ಶುರುವಾದದ್ದು ನಮ್ಮ ರಾಜ್ಯದಲ್ಲಿ. ಅದೇ ಬೆಳೆದು ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿ ಅಳೆಯುವ ಮಳೆಮಾಪಕಗಳನ್ನು ನಿಲ್ಲಿಸಿದೆ. ನಮ್ಮ ಬಾಟಲಿ ಅದಕ್ಕೆ ಸಮನಲ್ಲ. ಆದರೆ ಅದು ನಮ್ಮದು.

ಈಗ ಆ ದಾದಾ ಅವರ ಪ್ರಶ್ನೆಗೆ ಬರೋಣ. ಚಳ್ಳಕೆರೆಯ ಕಂಬಳಿ ನಿಮಗೆಲ್ಲ ಗೊತ್ತು. ಕಂಬಳಿಯಲ್ಲಿ ಬೆಂಕಿ ಇಲ್ಲ, ಅದು ಶಾಖ ಹುಟ್ಟಿಸುವುದಿಲ್ಲ. ಮೈಯ ಶಾಖ ಬೇಗ ಹೊರಹೋಗದಂತೆ ತಡೆಯುತ್ತದೆ, ಅಷ್ಟೆ. ಭೂಮಿಗೂ ಅಂಥ ಕಂಬಳಿ ಇದೆ. ಬಿಸಿಲು ಒಳಬರಲು ಗಾಳಿ ಹೆಚ್ಚು ಅಡ್ಡಿ ಮಾಡುವುದಿಲ್ಲ. ಕಾದ ನೆಲ ಶಾಖವನ್ನು ಹಿಂದಕ್ಕೆ ಬಿಡುವಾಗ ನೀರಾವಿ, ಇಂಗಾಲದ ಡೈಆಕ್ಸೈಡ್ ಮುಂತಾದ ಅನಿಲಗಳು ಅದರಲ್ಲಿ ಸ್ವಲ್ಪವನ್ನು ತಡೆಹಿಡಿಯುತ್ತವೆ. ಈ ಕಂಬಳಿ ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತಿತ್ತು, ಎಲ್ಲ ನೀರೂ ಹೆಪ್ಪುಗಟ್ಟುತ್ತಿತ್ತು. ಆದುದರಿಂದ ಕಂಬಳಿ ಕೆಟ್ಟದ್ದಲ್ಲ. ಮೇ ತಿಂಗಳಲ್ಲಿ ಎರಡನೇ ಕಂಬಳಿ ಹೊದೆಸಿದರೆ ಕಷ್ಟ. ಅಮೆರಿಕದ ಯೂನಿಸ್ ಫೂಟ್ ಎಂಬ ಮಹಿಳೆ 1856ರಲ್ಲೇ ಗಾಜಿನ ಕೊಳವೆಗಳನ್ನು ಬಿಸಿಲಿಗಿಟ್ಟು, ಈ ಅನಿಲ ತುಂಬಿದ ಕೊಳವೆ ಹೆಚ್ಚು ಕಾಯುತ್ತದೆ ಎಂದು ತೋರಿಸಿದ್ದರು. ಮೂರು ವರ್ಷಗಳ ನಂತರ ಜಾನ್ ಟಿಂಡಾಲ್ ಅನಿಲಗಳು ಶಾಖವನ್ನು ಹೀರುವುದನ್ನು ಪ್ರಯೋಗಶಾಲೆಯಲ್ಲಿ ಅಳೆದರು.

ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ದೊಡ್ಡ ಪ್ರಮಾಣದಲ್ಲಿ ಸುಡಲು ಶುರು ಮಾಡುವ ಮುಂಚೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಈ ಅನಿಲ ಸುಮಾರು 280 ಪಾಲು ಇತ್ತು, ಈಗ 420 ದಾಟಿದೆ. "ಹತ್ತು ಲಕ್ಷದಲ್ಲಿ ಬರೀ ನಾನೂರಿಪ್ಪತ್ತೇ? ಅದರಿಂದ ಏನಾಗುತ್ತದೆ?" ಎಂದು ಮಕ್ಕಳು ನಕ್ಕರು. ನಾನು ಅವರ ಹಲ್ಲು ತೋರಿಸಲು ಹೇಳಿದೆ. ನಮ್ಮ ಜಿಲ್ಲೆಯ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ, ಆಳದ ಬಂಡೆಯಿಂದ ನೀರಿಗೆ ಇಳಿದದ್ದು. ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ ಒಂದೂವರೆ ಮಿಲಿಗ್ರಾಂ, ಅಂದರೆ ಹತ್ತು ಲಕ್ಷದಲ್ಲಿ ಒಂದೂವರೆ ಪಾಲು. ಅದನ್ನು ಮೀರಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಮೂಡುತ್ತದೆ. ಆಮೇಲೆ ಯಾರೂ ನಗಲಿಲ್ಲ.

ಕಂಬಳಿ ದಪ್ಪವಾದದ್ದರಿಂದ ಆದದ್ದೇನು? ಭಾರತದ ಸರಾಸರಿ ಉಷ್ಣತೆ 1901ರಿಂದ 2018ರೊಳಗೆ ಸುಮಾರು 0.7 ಡಿಗ್ರಿ ಏರಿದೆ ಎಂದು ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿ ಹೇಳುತ್ತದೆ. ಇಡೀ ಭೂಮಿಯ ಲೆಕ್ಕದಲ್ಲಿ 2024 ಅಲ್ಲಿಯವರೆಗಿನ ಅಳತೆಗಳಲ್ಲೇ ಅತಿ ಬಿಸಿಯಾದ ವರ್ಷವಾಗಿತ್ತು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿಯಬಲ್ಲ ನೀರಾವಿ ಸುಮಾರು ಶೇಕಡ 7 ಹೆಚ್ಚುತ್ತದೆ. ದೊಡ್ಡ ಕೊಡ ತುಂಬಲು ಹೆಚ್ಚು ಹೊತ್ತು ಬೇಕು, ಮಗುಚಿದಾಗ ಹೆಚ್ಚು ನೀರು ಬೀಳುತ್ತದೆ. ಮಳೆಯ ನಡುವಿನ ಬಿಡುವು ಉದ್ದವಾಗುವುದು, ಬಂದಾಗ ಒಮ್ಮೆಲೇ ಸುರಿಯುವುದು ಎರಡೂ ಹೆಚ್ಚುವ ಸಂಭವವಿದೆ ಎಂದು ವಿಜ್ಞಾನಿಗಳು ಹೇಳುವುದು ಈ ಕಾರಣಕ್ಕೆ. ಶೇಂಗಾ ಬೆಳೆಗಾರರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಹೂ ಬಿಟ್ಟು ಊಡು ನೆಲಕ್ಕಿಳಿಯುವಾಗ ಎರಡು ವಾರ ಮಳೆ ಹೋದರೆ, ಆಮೇಲೆ ವರ್ಷದ ಸರಾಸರಿ ಸರಿಹೋದರೂ ಕಾಯಿ ಜೊಳ್ಳು.

ನಾನು ಆ ದಾದಾ ಅವರ ಮನೆಗೇ ಹೋಗಿ ಹೇಳಿದೆ. "ಚಾಚಾ, ಚೌಕಾಬಾರದ ಕವಡೆಯಲ್ಲಿ ಯಾರೋ ಒಂದಕ್ಕೆ ಸ್ವಲ್ಪ ಮೇಣ ಅಂಟಿಸಿದ್ದಾರೆ ಎಂದಿಟ್ಟುಕೊಳ್ಳಿ. ಇವತ್ತು ಬಿದ್ದ ಒಂದು ಗರ ಮೇಣದಿಂದಲೇ ಬಿತ್ತು ಎನ್ನಲಾಗದು, ಮೇಣವಿಲ್ಲದ ಕವಡೆಗೂ ಆ ಗರ ಬೀಳುತ್ತಿತ್ತು, 1933ರಲ್ಲಿ ಬಿದ್ದ ಹಾಗೆ. ಆದರೆ ನೂರು ಸಲ ಎಸೆದು ಬರೆದಿಟ್ಟರೆ ವ್ಯತ್ಯಾಸ ಕಾಣುತ್ತದೆ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಬರೆದಿಡಿ" ಎಂದರು. ಆ ಮಾತಿನಿಂದಲೇ ನಮ್ಮ ರಿಜಿಸ್ಟರ್ ಹುಟ್ಟಿದ್ದು.

ಇಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ, ದೊಡ್ಡ ತರಗತಿಯ ಹುಡುಗರು ಕೇಳಿಯೇ ಕೇಳುತ್ತಾರೆ: ಭೂಮಿ ಯಾವಾಗಲೂ ಬದಲಾಗುತ್ತಲೇ ಬಂದಿದೆಯಲ್ಲ, ಈಗೇನು ವಿಶೇಷ? ಒಳ್ಳೆಯ ಪ್ರಶ್ನೆ, ಅದರ ಸಾಕ್ಷಿಯೂ ನಮ್ಮ ಜಿಲ್ಲೆಯಲ್ಲೇ ಇದೆ. ಐಮಂಗಲದ ಕಡೆಯ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದಂತೆ ಕಾಣುವ ಬಂಡೆಗಳಿವೆ. ಕಾದ ಲಾವಾ ನೀರಿನೊಳಗೆ ಉಕ್ಕಿದರೆ ಮಾತ್ರ ಹೀಗೆ ದಿಂಬಿನ ಆಕಾರದಲ್ಲಿ ಗಟ್ಟಿಯಾಗುತ್ತದೆ. ಹೊರಮೈ ತಟ್ಟನೆ ತಣಿದು ಸಿಪ್ಪೆಯಾಗುತ್ತದೆ, ಒಳಗಿನದು ಸಿಪ್ಪೆ ಒಡೆದು ಮತ್ತೊಂದು ದಿಂಬಾಗಿ ಹೊರಬರುತ್ತದೆ. ಅಂದರೆ ರಾಜ್ಯದಲ್ಲೇ ಒಣಗಿದ ಈ ಸೀಮೆ ಸುಮಾರು 250 ಕೋಟಿ ವರ್ಷಗಳ ಹಿಂದೆ ಸಮುದ್ರದ ತಳವಾಗಿತ್ತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಕೋಟೆ ನೋಡಲು ಚಿತ್ರದುರ್ಗಕ್ಕೆ ಪ್ರವಾಸ ಕರೆದೊಯ್ಯುವ ಶಾಲೆಗಳು ಅಷ್ಟು ದೂರ ಹೋದವರು ಇದನ್ನೂ ನೋಡಿ ಬರಬಾರದೇಕೆ ಎಂದು ನನಗೆ ಪ್ರತಿ ವರ್ಷ ಅನಿಸುತ್ತದೆ.

ಕಲ್ಲು ನೋಡಿ ಸಮುದ್ರವನ್ನು ಊಹಿಸುವ ಈ ವಿದ್ಯೆ ಹೊಸದೇನಲ್ಲ. ಸಾವಿರ ವರ್ಷಗಳ ಹಿಂದೆ ಅಲ್-ಬಿರೂನಿ ಭಾರತಕ್ಕೆ ಬಂದಾಗ ನೆಲ ಅಗೆದಲ್ಲಿ ಸಿಗುವ ಉರುಟು ಕಲ್ಲುಗಳನ್ನು ಗಮನಿಸಿದರು. ಬೆಟ್ಟದ ಹತ್ತಿರ ದೊಡ್ಡವು, ದೂರ ಹೋದಂತೆ ಸಣ್ಣವು, ನದಿ ನಿಧಾನವಾಗಿ ಹರಿಯುವ ಸಮುದ್ರದ ಕಡೆ ಬರೀ ಮರಳು. ಇಷ್ಟರಿಂದಲೇ ಈ ಬಯಲು ಹಿಂದೊಮ್ಮೆ ಸಮುದ್ರವಾಗಿತ್ತು, ನದಿಗಳು ತಂದ ಹೂಳಿನಿಂದ ತುಂಬಿಕೊಂಡಿತು ಎಂಬ ನಿರ್ಣಯಕ್ಕೆ ಅವರು ಬಂದರು. ನಮ್ಮ ಮಕ್ಕಳಿಗೆ ಅಲ್-ಬಿರೂನಿ ಇತಿಹಾಸದ ಒಂದು ಅಂಕದ ಪ್ರಶ್ನೆಯಾಗಿ ಮಾತ್ರ ಗೊತ್ತು, ಇಸವಿ ಮತ್ತು ಗ್ರಂಥದ ಹೆಸರು. ಆ ಮನುಷ್ಯ ಕಲ್ಲು ಕೈಯಲ್ಲಿ ಹಿಡಿದು ಯೋಚಿಸಿದ್ದನ್ನು ನಾವು ಹೇಳುವುದೇ ಇಲ್ಲ.

ಹಾಗಾದರೆ ಆ ಹುಡುಗರಿಗೆ ಉತ್ತರವೇನು? ಸಮುದ್ರ ನೆಲವಾಗಲು ಭೂಮಿ ಕೋಟಿಗಟ್ಟಲೆ ವರ್ಷ ತೆಗೆದುಕೊಂಡಿತು. ಈಗಿನ ಬದಲಾವಣೆ ನೂರೈವತ್ತು ವರ್ಷಗಳಲ್ಲಿ, ಅದರ ದೊಡ್ಡ ಭಾಗ ಈ ಸಭೆಯಲ್ಲಿ ಕುಳಿತಿರುವ ಹಿರಿಯರ ಜೀವಮಾನದೊಳಗೇ ಆಗಿದೆ. ಮರಡಿಹಳ್ಳಿಯ ಲಾವಾ ಉಕ್ಕಿದಾಗ ಅಲ್ಲಿ ಯಾರೂ ಶೇಂಗಾ ಬಿತ್ತಿರಲಿಲ್ಲ.

ಒಂದು ವಿಷಯದಲ್ಲಿ ನನಗೆ ಅಸಮಾಧಾನವಿದೆ. ಪರಿಸರ ದಿನ ಬಂದರೆ ಮಕ್ಕಳ ಕೈಗೆ ಒಂದು ಸಸಿ, ಒಂದು ಘೋಷಣೆ ಕೊಟ್ಟು ಭೂಮಿಯನ್ನು ಉಳಿಸುವ ಭಾರ ಅವರ ತಲೆಗೆ ಕಟ್ಟುತ್ತೇವೆ. ವರ್ಷಕ್ಕೆ ಭಾರತದ ಒಬ್ಬರ ಪಾಲಿನ ಇಂಗಾಲದ ಡೈಆಕ್ಸೈಡ್ ಸುಮಾರು 2 ಟನ್, ಅಮೆರಿಕದ ಒಬ್ಬರದು ಸುಮಾರು 14 ಟನ್. ಸೈಕಲ್ಲಿನಲ್ಲಿ ಶಾಲೆಗೆ ಬರುವ ಮಗುವಿಗೆ ಅಪರಾಧಿ ಭಾವ ಯಾಕೆ? ಸಸಿ ನೆಡಲಿ, ಆದರೆ ಎಲ್ಲಿ ಎಂದೂ ಯೋಚಿಸಲಿ. ನಮ್ಮ ಉಳ್ಳಾರ್ತಿ ಕಾವಲನ್ನೇ ನೋಡಿ. ಅಮೃತ್ ಮಹಲ್ ದನಗಳಿಗಾಗಿ ಮೈಸೂರು ಅರಸರ ಕಾಲದಿಂದ ಕಾಯ್ದುಕೊಂಡು ಬಂದ ಹುಲ್ಲುಗಾವಲು ಅದು. ಮರವಿಲ್ಲದ ಮಾತ್ರಕ್ಕೆ ಬಂಜರು ಎಂದು ಕರೆಯುತ್ತೇವೆ. ಹುಲ್ಲು ತನ್ನ ಇಂಗಾಲದ ಬಹುಪಾಲನ್ನು ಬೇರು ಮತ್ತು ಮಣ್ಣಿನಲ್ಲಿ ಇಡುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಈ ಕಾವಲುಗಳ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಮಂಜೂರಾಗಿ, ಅದರ ಮೇಲೆ ಹಸಿರು ನ್ಯಾಯಮಂಡಳಿಯಲ್ಲಿ ಮೊಕದ್ದಮೆ ನಡೆದದ್ದು ನಿಮಗೆ ತಿಳಿದೇ ಇದೆ. ಕುರಿ ಮೇಯಿಸುವವರ ಕಷ್ಟ ಬೇರೆಯೇ ಭಾಷಣದ ವಿಷಯ.

ನಾನು ಇಲ್ಲಿ ಹೇಳಬೇಕಾದದ್ದು, ಬೇಲಿಯ ಆಚೆ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ. ಅಲ್ಲಿ ನಾಡಿನ ಶಾಲಾ ಕಾಲೇಜುಗಳ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ, ವಾತಾವರಣದ ದೂಳಿನ ಕಣಗಳನ್ನು ಅಳೆಯುವ ಉಪಕರಣಗಳೂ ಇವೆ. ದೇಶದ ದೊಡ್ಡ ವಿಜ್ಞಾನ ನಮ್ಮ ಹುಲ್ಲುಗಾವಲಿಗೇ ಬಂದು ಕೂತಿದೆ. ಆದರೆ ಆ ಗೇಟಿನೊಳಗೆ ಕೆಲಸ ಮಾಡುವ ವಿಜ್ಞಾನಿಗಳಲ್ಲಿ ನಮ್ಮ ಮಕ್ಕಳು ಯಾವಾಗ ಇರುತ್ತಾರೆ?

ಹೆಣ್ಣುಮಕ್ಕಳೇ, ಅನ್ನಾ ಮಣಿ ಎಂಬ ಹೆಸರು ಬರೆದುಕೊಳ್ಳಿ. ಕೇರಳದಲ್ಲಿ 1918ರಲ್ಲಿ ಹುಟ್ಟಿದವರು, ಇದೇ ವಿಜ್ಞಾನ ಸಂಸ್ಥೆಯ ಬೆಂಗಳೂರಿನ ಆವರಣದಲ್ಲಿ ಸಿ.ವಿ. ರಾಮನ್ ಅವರ ಪ್ರಯೋಗಶಾಲೆಯಲ್ಲಿ ದುಡಿದವರು. ಎಂ.ಎಸ್ಸಿ. ಪದವಿ ಇಲ್ಲ ಎಂಬ ಕಾರಣಕ್ಕೆ ಅವರಿಗೆ ಡಾಕ್ಟರೇಟ್ ಸಿಗಲಿಲ್ಲ. 1948ರಲ್ಲಿ ಹವಾಮಾನ ಇಲಾಖೆ ಸೇರಿ, ಹೊರದೇಶದಿಂದ ತರಿಸುತ್ತಿದ್ದ ಮಳೆ, ಗಾಳಿ, ಬಿಸಿಲಿನ ಮಾಪಕಗಳನ್ನು ನಮ್ಮ ದೇಶದಲ್ಲೇ ಕರಾರುವಾಕ್ಕಾಗಿ ತಯಾರಿಸುವಂತೆ ಮಾಡಿದರು. ತಪ್ಪು ಅಳತೆ, ಅಳತೆಯೇ ಇಲ್ಲದ್ದಕ್ಕಿಂತ ಕೆಟ್ಟದ್ದು ಎಂಬುದು ಅವರ ನಿಲುವು. ನಿವೃತ್ತರಾದ ಮೇಲೂ ಬೆಂಗಳೂರಿನಲ್ಲಿ ಗಾಳಿ ಮತ್ತು ಬಿಸಿಲಿನ ಮಾಪಕಗಳ ಸಣ್ಣ ಕಾರ್ಖಾನೆ ನಡೆಸಿದರು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ, ಪಕ್ಕದ ಪಾವಗಡದಲ್ಲಿ ಸೌರ ಫಲಕಗಳ ಸಾಲು ನೋಡುತ್ತೀರಲ್ಲ, ಎಲ್ಲಿ ಎಷ್ಟು ಗಾಳಿ, ಎಷ್ಟು ಬಿಸಿಲು ಎಂದು ಮೊದಲು ಅಳೆದವರಿಲ್ಲದೆ ಅಂಥವು ನಿಲ್ಲುವುದಿಲ್ಲ.

ಕೊನೆಯದಾಗಿ ಸಂಘದ ಹಿರಿಯರಲ್ಲಿ ಒಂದು ಬಿನ್ನಹ. ಕೋಡಿಯ ಪ್ರಶ್ನೆ ತಂದ ಆ ಹುಡುಗಿ ಈಗ ಹತ್ತನೇ ತರಗತಿ. ಏಳನೆಯವರೆಗೆ ಉರ್ದು ಮಾಧ್ಯಮದಲ್ಲಿ ಓದಿದಳು, ಒದ್ದೆ ಬಟ್ಟೆ ಒಣಗುವುದಕ್ಕೆ ಅಲ್ಲಿ ತಬ್ಖೀರ್ ಎಂದು ಕಲಿತಳು. ಹೈಸ್ಕೂಲಿನ ಕನ್ನಡ ಮಾಧ್ಯಮದಲ್ಲಿ ಅದೇ ಬಾಷ್ಪೀಕರಣವಾಯಿತು. ಪಿ.ಯು.ಸಿ. ವಿಜ್ಞಾನಕ್ಕೆ ಹೋದರೆ ಇವಾಪರೇಷನ್ ಆಗುತ್ತದೆ. ಒಣಗುವುದು ಅದೇ ಬಟ್ಟೆ! ಮೂರು ಸಲ ಹೆಸರು ಬದಲಾದಾಗ ಮಕ್ಕಳು ತಮಗೆ ವಿಜ್ಞಾನ ಬರುವುದಿಲ್ಲ ಎಂದು ತಿಳಿಯುತ್ತಾರೆ, ಕಷ್ಟ ಇರುವುದು ಪದದಲ್ಲಿ ಎಂದು ಅವರಿಗೆ ಯಾರೂ ಹೇಳುವುದಿಲ್ಲ. ಅವಳ ಮನೆಯಲ್ಲಿ ಈಗ ಆರ್ಟ್ಸ್ ಸಾಕು, ಚಳ್ಳಕೆರೆಗೆ ದಿನಾ ಬಸ್ಸಿನಲ್ಲಿ ಕಳಿಸುವುದು ಹೇಗೆ ಎಂಬ ಮಾತು ನಡೆದಿದೆ. ದಾದಾ ಮಾತ್ರ ಅವಳ ಪರ ಇದ್ದಾರೆ.

ಸಂಘವು ಪ್ರತಿ ವರ್ಷ ಹೆಚ್ಚು ಅಂಕ ಪಡೆದವರಿಗೆ ಬಹುಮಾನ ಕೊಡುತ್ತದೆ, ಸಂತೋಷ. ಅದರ ಜೊತೆಗೆ ಎರಡು ಕೆಲಸ ಮಾಡಿಕೊಡಿ. ವಿಜ್ಞಾನ ಓದಲು ಚಳ್ಳಕೆರೆಗೆ ಹೋಗುವ ಹೆಣ್ಣುಮಕ್ಕಳ ಹೋಗಿಬರುವ ಖರ್ಚನ್ನು ಸಂಘ ವಹಿಸಲಿ. ಉರ್ದು, ಕನ್ನಡ, ಇಂಗ್ಲಿಷ್ ಮೂರೂ ಪದ ಅಕ್ಕಪಕ್ಕ ಇರುವ ಒಂದು ಚಿಕ್ಕ ವಿಜ್ಞಾನ ಪದಕೋಶ ಅಚ್ಚು ಹಾಕಿಸಲಿ. ಪದಗಳನ್ನು ಒಟ್ಟುಮಾಡುವ ಕೆಲಸ ನಾನು ಈಗಾಗಲೇ ಶುರು ಮಾಡಿದ್ದೇನೆ, ಅದಕ್ಕೆ ಸಂಭಾವನೆ ಬೇಡ.

ನಮ್ಮ ಮಳೆ ರಿಜಿಸ್ಟರನ್ನು ಹಿಂದಿನ ಮೇಜಿನ ಮೇಲೆ ಇಟ್ಟಿದ್ದೇವೆ, ಚಹಾ ಕುಡಿಯುವಾಗ ದಯವಿಟ್ಟು ತೆರೆದು ನೋಡಿ. ಮೊದಲ ವರ್ಷದ ಪುಟಗಳಲ್ಲಿ ಏಳು ದಿನಕ್ಕೊಮ್ಮೆ ಒಂದು ಖಾಲಿ ಮನೆ ಕಾಣುತ್ತದೆ. ಅದು ಭಾನುವಾರ, ಶಾಲೆಗೆ ಬೀಗ. ಎರಡನೇ ವರ್ಷದಿಂದ ಆ ಮನೆಗಳೂ ತುಂಬಿವೆ. ಹತ್ತಿರದ ಮನೆಯ ಆರನೇ ತರಗತಿಯ ಇಬ್ಬರು ಕೀಲಿಕೈ ಕೇಳಿ ಪಡೆದುಕೊಂಡರು. ಅವರ ಕೈಬರಹ ಸ್ವಲ್ಪ ಓರೆ, ಅಂಕಿ ಸರಿಯಾಗಿದೆ.